ಸಂಕಲ್ಪಪತ್ರದ ಆಚೆಗೆ: ಜಾನ್ ಆರ್. ಮಾಟ್ ಅವರ ಜೀವನಕಥನ

ಕನ್ನಡ ಸಂಶೋಧನೆಯಲ್ಲಿ ಮಿಶನರಿ ಎಂದೊಡನೆ ನಮ್ಮ ಗಮನ ಸಹಜವಾಗಿಯೇ ಕೋಶ, ವ್ಯಾಕರಣ ಮತ್ತು ಮುದ್ರಣಗಳ ಕಡೆಗೆ ಹರಿಯುತ್ತದೆ. 1843ರ ‘ಮಂಗಳೂರು ಸಮಾಚಾರ’ದ ಮೋಗ್ಲಿಂಗ್, 1894ರ ನಿಘಂಟಿನ ಕಿಟ್ಟೆಲ್ ಇಬ್ಬರೂ ಬಾಸೆಲ್ ಮಿಶನ್ನಿನ ಮೂಲಕ ಬಂದವರು. ಕಿಟ್ಟೆಲ್ ಅವರ ಕೋಶ ಅಚ್ಚಾಗುವ ಹೊತ್ತಿಗೆ ಅಮೆರಿಕದ ಕಾಲೇಜುಗಳಲ್ಲಿ ಬೇರೊಂದು ಬಗೆಯ ಮಿಶನರಿ ರೂಪುಗೊಳ್ಳುತ್ತಿದ್ದನು. ವಿದ್ಯಾರ್ಥಿ ಸಮಾವೇಶದಲ್ಲಿ ಸ್ವಯಂಪ್ರೇರಣೆಯಿಂದ ಹೆಸರು ಬರೆಸಿ ಹೊರದೇಶಕ್ಕೆ ಹೊರಡುವ ಪದವೀಧರನೇ ಆತ. ಈ ಬೆಳವಣಿಗೆಯನ್ನು ಸಂಘಟಿಸಿದವರಲ್ಲಿ ಪ್ರಮುಖರು ಜಾನ್ ರಾಲಿ ಮಾಟ್. ತಾವೂ ಸಹಿ ಹಾಕಿದ ಮಾಟ್ ಹೊರನಾಡಿನಲ್ಲಿ ನೆಲೆಸಿದ ಮಿಶನರಿ ಆಗಲೇ ಇಲ್ಲ ಎಂಬುದು ಅವರ ಬದುಕಿನ ಮುಖ್ಯ ವಿರೋಧಾಭಾಸ.

ಮಾಟ್ 1865ರ ಮೇ 25ರಂದು ನ್ಯೂಯಾರ್ಕ್ ರಾಜ್ಯದ ಲಿವಿಂಗ್‌ಸ್ಟನ್ ಮ್ಯಾನರ್‌ನಲ್ಲಿ ಜನಿಸಿದರು. ಅವರ ಶೈಶವದಲ್ಲಿಯೇ ಕುಟುಂಬವು ಅಯೋವಾದ ಪೋಸ್ಟ್‌ವಿಲ್‌ಗೆ ವಲಸೆ ಹೋಯಿತು. ತಂದೆ ಅಲ್ಲಿ ಮರದ ವ್ಯಾಪಾರಿಯಾಗಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಅಪ್ಪರ್ ಅಯೋವಾ ವಿಶ್ವವಿದ್ಯಾಲಯವನ್ನು ಸೇರಿದ ಮಾಟ್ 1885ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಬಂದರು. ಕಾನೂನು ಓದುವುದೋ ತಂದೆಯ ವ್ಯಾಪಾರಕ್ಕೆ ಸೇರುವುದೋ ಎಂಬ ಆಯ್ಕೆ ಅವರ ಮುಂದಿತ್ತು. 1886ರ ಜನವರಿಯಲ್ಲಿ ಅಲ್ಲಿಗೆ ಬಂದ ಇಂಗ್ಲೆಂಡಿನ ಕ್ರಿಕೆಟ್ ಆಟಗಾರ ಜೆ. ಇ. ಕೆ. ಸ್ಟಡ್ ಅವರ ಉಪನ್ಯಾಸವು ಈ ಎರಡು ದಾರಿಗಳಿಂದಲೂ ಅವರನ್ನು ತಿರುಗಿಸಿತು. ತನಗಾಗಿ ದೊಡ್ಡದನ್ನು ಅರಸಬಾರದೆಂಬ ಬೈಬಲ್ಲಿನ ಬೋಧನೆ ಆ ಉಪನ್ಯಾಸದಲ್ಲಿ ಅವರಿಗೆ ನಾಟಿದ ಅಂಶ.

ಅದೇ ವರ್ಷದ ಜುಲೈಯಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಡಿ. ಎಲ್. ಮೂಡಿ ಅವರ ಆಶ್ರಯದಲ್ಲಿ 251 ವಿದ್ಯಾರ್ಥಿಗಳು ಸೇರಿದರು. ಬೈಬಲ್ ಅಧ್ಯಯನಕ್ಕೆಂದು ಏರ್ಪಟ್ಟಿದ್ದ ಸಮಾವೇಶಕ್ಕೆ ಬೇರೆ ದಿಕ್ಕನ್ನು ತೋರಿದವರು ಪ್ರಿನ್ಸ್‌ಟನ್ನಿನಿಂದ ಬಂದ ರಾಬರ್ಟ್ ವೈಲ್ಡರ್. ಇವರು ಹುಟ್ಟಿದ್ದು ಮಿಶನರಿ ದಂಪತಿಗಳ ಮಗನಾಗಿ ನಮ್ಮ ನೆರೆಯ ಕೊಲ್ಹಾಪುರದಲ್ಲಿ. ವಿವಿಧ ದೇಶಗಳ ಪರವಾಗಿ ವಿದ್ಯಾರ್ಥಿಗಳೇ ಚಿಕ್ಕ ಭಾಷಣಗಳನ್ನು ಮಾಡಿದ ಒಂದು ಸಂಜೆಯ ಸಭೆ ನಿರ್ಣಾಯಕವಾಯಿತು. ಸಮಾವೇಶ ಮುಗಿಯುವಾಗ ಹೊರದೇಶದ ಸೇವೆಗೆ ಹೆಸರು ಕೊಟ್ಟವರ ಸಂಖ್ಯೆ ನೂರಕ್ಕೆ ಮುಟ್ಟಿತ್ತು. ಮಾಟ್ ಆ ನೂರರಲ್ಲಿ ಒಬ್ಬರು. ಮುಂದಿನ ಶೈಕ್ಷಣಿಕ ವರ್ಷದಲ್ಲಿ ವೈಲ್ಡರ್ ಮತ್ತು ಜಾನ್ ಫೋರ್ಮನ್ ಕಾಲೇಜುಗಳನ್ನು ಸುತ್ತಿ 2000ಕ್ಕೂ ಹೆಚ್ಚು ಸಹಿಗಳನ್ನು ಪಡೆದರು.

ಈ ಸಂಕಲ್ಪಪತ್ರದ ಭಾಷಿಕ ಚರಿತ್ರೆ ಗಮನಾರ್ಹವಾದುದು. ಆರಂಭದ ಪಾಠದಲ್ಲಿ ಸಹಿದಾರನು ದೇವರ ಅನುಮತಿಯಿದ್ದರೆ ಮಿಶನರಿಯಾಗಲು ತಾನು ಸಿದ್ಧನೂ ಇಚ್ಛುಕನೂ ಆಗಿರುವುದಾಗಿ ತಿಳಿಸುತ್ತಿದ್ದನು. ಸಭೆಯ ಭಾವಾವೇಶದಲ್ಲಿ ಎಳೆಯರನ್ನು ಕಟ್ಟಿಹಾಕಲಾಗುತ್ತಿದೆ ಎಂಬ ಆಕ್ಷೇಪಣೆಗಳು ಬಂದವು. 1892ರಲ್ಲಿ ಪಾಠ ಬದಲಾಗಿ, ಮಿಶನರಿಯಾಗುವುದು ತನ್ನ ಉದ್ದೇಶವೆಂಬ ಘೋಷಣೆಯಾಯಿತು. ಇಚ್ಛೆಯಿಂದ ಉದ್ದೇಶಕ್ಕೆ ಆದ ಈ ಪಲ್ಲಟವು ಭಾವನೆಯ ಕ್ಷಣವನ್ನು ಹೊಣೆಗಾರಿಕೆಯನ್ನಾಗಿ ಮಾರ್ಪಡಿಸುವ ಪ್ರಯತ್ನವಾಗಿದೆ.

1888ರಲ್ಲಿ ಪದವಿ ಪಡೆದ ಮಾಟ್ ವೈ.ಎಂ.ಸಿ.ಎ.ಯ ಕಾಲೇಜು ವಿಭಾಗದ ಕಾರ್ಯದರ್ಶಿಯಾಗಿ ಒಂದು ವರ್ಷದ ಮಟ್ಟಿಗೆ ದುಡಿಯಲು ಒಪ್ಪಿಕೊಂಡರು. ಆ ಒಂದು ವರ್ಷ ಇಪ್ಪತ್ತೇಳು ವರ್ಷಗಳಾಯಿತು. ಅದೇ ವರ್ಷ ವಿಧಿವತ್ತಾಗಿ ಸ್ಥಾಪನೆಗೊಂಡ ವಿದ್ಯಾರ್ಥಿ ಸ್ವಯಂಸೇವಕ ಚಳವಳಿಯ ಅಧ್ಯಕ್ಷತೆಯೂ ಅವರದಾಯಿತು. 1895ರಲ್ಲಿ ಸ್ವೀಡನ್ನಿನ ವಾಡ್‌ಸ್ಟೆನಾದಲ್ಲಿ ವಿಶ್ವ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟವನ್ನು ಕಟ್ಟಿದ ಬಳಿಕ ಅವರು ಕೈಗೊಂಡ ಎರಡು ವರ್ಷಗಳ ವಿಶ್ವಪ್ರವಾಸವು ಭಾರತದ ಕಾಲೇಜುಗಳನ್ನೂ ಒಳಗೊಂಡಿತ್ತು. ಇಡೀ ಜಗತ್ತಿಗೆ ಒಂದೇ ತಲೆಮಾರಿನಲ್ಲಿ ಸುವಾರ್ತೆಯನ್ನು ತಲುಪಿಸಬೇಕೆಂಬ ಚಳವಳಿಯ ಧ್ಯೇಯವಾಕ್ಯವನ್ನು 1900ರಲ್ಲಿ ಅವರು ಗ್ರಂಥರೂಪದಲ್ಲಿ ಸಮರ್ಥಿಸಿದರು. ಈ ಚಳವಳಿಯ ಮೂಲಕ 20000ಕ್ಕೂ ಹೆಚ್ಚು ಜನ ಹೊರದೇಶಗಳಿಗೆ ತೆರಳಿದರೆಂಬ ಎಣಿಕೆಯಿದೆ. ತಾವು ನಡೆಯದ ದಾರಿಯಲ್ಲಿ ಇಷ್ಟು ಜನರನ್ನು ನಡೆಸಿದ ಈ ಸಂಘಟನಾಕಾರ್ಯವೇ ಮಾಟ್ ಅವರ ಸಹಿಗೆ ದೊರೆತ ಅರ್ಥವೆಂದು ಗ್ರಹಿಸಬಹುದು.

ಆದರೆ ಕಳುಹಿಸುವವರ ಲೆಕ್ಕದಲ್ಲಿ ಬರಮಾಡಿಕೊಳ್ಳುವವರ ದನಿ ಎಲ್ಲಿದೆ? 1910ರಲ್ಲಿ ಮಾಟ್ ಅವರ ಅಧ್ಯಕ್ಷತೆಯಲ್ಲಿ ಎಡಿನ್‌ಬರೋದಲ್ಲಿ ನಡೆದ ವಿಶ್ವ ಮಿಶನರಿ ಸಮ್ಮೇಳನದ ಸುಮಾರು 1200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತಕ್ಕಿಂತ ಕಡಿಮೆ. ಅವರಲ್ಲೊಬ್ಬರಾದ ವಿ. ಎಸ್. ಅಜರಯ್ಯ, ವಿದೇಶಿ ಮಿಶನರಿಗಳ ತ್ಯಾಗವನ್ನು ಒಪ್ಪಿಕೊಂಡೇ, ಅವರಿಂದ ಸ್ನೇಹ ದೊರೆಯುತ್ತಿಲ್ಲವೆಂದು ಸಭೆಯಲ್ಲಿಯೇ ಆಕ್ಷೇಪಿಸಿದರು. ಸ್ವಯಂಸೇವಕರ ಸಂಖ್ಯೆಯನ್ನೇ ಸಾಧನೆಯೆಂದು ಬಗೆದ ಚಳವಳಿಗೆ ಇದು ತೀಕ್ಷ್ಣವಾದ ಪ್ರತಿಕ್ರಿಯೆಯಾಗಿತ್ತು. 1912-13ರಲ್ಲಿ ಮಾಟ್ ಏಷ್ಯಾದ ಅನೇಕ ನಗರಗಳಲ್ಲಿ ಸಭೆಗಳನ್ನು ನಡೆಸಿದಾಗ ಸ್ಥಳೀಯ ನಾಯಕತ್ವವು ಚರ್ಚೆಯ ಮುನ್ನೆಲೆಗೆ ಬಂದಿತು.

ಮೊದಲ ಮಹಾಯುದ್ಧವು ಈ ಜಾಲವನ್ನು ಹರಿಯಿತು. 1917ರಲ್ಲಿ ಅಮೆರಿಕ ಸರ್ಕಾರದ ನಿಯೋಗದೊಂದಿಗೆ ಮಾಟ್ ರಷ್ಯಾಕ್ಕೆ ಹೋದದ್ದು ಜರ್ಮನಿಯ ಮಿಶನ್ ನಾಯಕರನ್ನು ಅವರಿಂದ ದೂರಮಾಡಿತು. ಇದೇ ಯುದ್ಧಕಾಲದಲ್ಲಿ ಕರ್ನಾಟಕದಲ್ಲಿದ್ದ ಬಾಸೆಲ್ ಮಿಶನ್ನಿನ ಜರ್ಮನ್ ಮಿಶನರಿಗಳು ಬ್ರಿಟಿಷರ ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯಿತು ಎಂಬುದನ್ನು ಇಲ್ಲಿ ನೆನೆಯಬೇಕು. ಯುದ್ಧದ ಬೆನ್ನಲ್ಲೇ 1919ರ ಡಿಸೆಂಬರ್ ಕೊನೆಯಲ್ಲಿ ಡಿ ಮೊಯಿನ್‌ನಲ್ಲಿ ಆರಂಭವಾದ ಸ್ವಯಂಸೇವಕ ಸಮಾವೇಶದಲ್ಲಿ ಹೊಸ ತಲೆಮಾರಿನ ವಿದ್ಯಾರ್ಥಿಗಳು ಹಳೆಯ ಕರೆಗೆ ಓಗೊಡದೆ ಯುದ್ಧ, ವರ್ಣಭೇದ, ಕಾರ್ಮಿಕ ಸಮಸ್ಯೆಗಳನ್ನು ಎತ್ತಿದರು. 1920ರಲ್ಲಿ ಮಾಟ್ ಚಳವಳಿಯ ಅಧ್ಯಕ್ಷತೆಯಿಂದ ಹಿಂದೆ ಸರಿದರು.

1921ರಲ್ಲಿ ಅಂತರರಾಷ್ಟ್ರೀಯ ಮಿಶನರಿ ಮಂಡಳಿಯ ಅಧ್ಯಕ್ಷರಾದ ಮಾಟ್ ಅವರ ಉತ್ತರಾರ್ಧದ ಬದುಕಿನಲ್ಲಿ ಭಾರತಕ್ಕೆ ವಿಶೇಷ ಸ್ಥಾನವಿದೆ. 1936ರಲ್ಲಿ ಅವರು ಸೇಗಾಂವ್‌ನಲ್ಲಿ ಗಾಂಧೀಜಿಯವರನ್ನು ಕಂಡರು. ಹಿಂದೂಧರ್ಮವನ್ನು ತೊರೆಯುವುದಾಗಿ ಅಂಬೇಡ್ಕರ್ ಅವರು 1935ರಲ್ಲಿ ಯೇವಲಾದಲ್ಲಿ ಘೋಷಿಸಿದ್ದರಿಂದ ಮತಾಂತರದ ಪ್ರಶ್ನೆ ಆಗ ತೀವ್ರವಾಗಿತ್ತು. ದಲಿತರ ನಡುವೆ ನಡೆಯುವ ಮತಾಂತರ ಕಾರ್ಯವನ್ನು ಗಾಂಧೀಜಿ ವಿರೋಧಿಸಿದರು. ಮಾಟ್ ಸುವಾರ್ತೆ ಸಾರುವ ಹಕ್ಕನ್ನು ಬಿಟ್ಟುಕೊಡಲಿಲ್ಲ. ‘ಹರಿಜನ’ ಪತ್ರಿಕೆಯಲ್ಲಿ ಪ್ರಕಟವಾದ ಈ ಸಂವಾದವು ಎರಡು ನಿಲುವುಗಳ ನೇರ ಮುಖಾಮುಖಿಯಾಗಿದೆ. ಆದರೆ ಯಾರ ಬಗ್ಗೆ ಮಾತು ನಡೆದಿತ್ತೋ ಆ ಸಮುದಾಯದ ದನಿ ಅದರಲ್ಲಿಯೂ ಇಲ್ಲ. 1938ರಲ್ಲಿ ಮದರಾಸಿನ ತಾಂಬರಂನಲ್ಲಿ ಮಾಟ್ ಅವರ ಅಧ್ಯಕ್ಷತೆಯಲ್ಲಿಯೇ ಮಂಡಳಿಯ ವಿಶ್ವ ಸಮ್ಮೇಳನ ನಡೆದಾಗ, ಸುಮಾರು ಅರ್ಧದಷ್ಟು ಪ್ರತಿನಿಧಿಗಳು ಏಷ್ಯಾ, ಆಫ್ರಿಕಾ ಮೊದಲಾದ ಕಡೆಗಳ ಹೊಸ ಸಭೆಗಳವರಾಗಿದ್ದರು. ಎಡಿನ್‌ಬರೋದಿಂದ ತಾಂಬರಂವರೆಗಿನ ಇಪ್ಪತ್ತೆಂಟು ವರ್ಷಗಳ ಅಂತರವನ್ನು ಈ ಒಂದು ಸಂಗತಿಯಲ್ಲಿ ಅಳೆಯಬಹುದು.

1946ರಲ್ಲಿ ಎಮಿಲಿ ಗ್ರೀನ್ ಬಾಲ್ಚ್ ಅವರೊಂದಿಗೆ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಮಾಟ್ 1955ರ ಜನವರಿ 31ರಂದು ಫ್ಲೋರಿಡಾದ ಒರ್ಲಾಂಡೊದಲ್ಲಿ ನಿಧನರಾದರು.

ಮಾಟ್ ಅವರನ್ನು ಮಿಶನರಿ ವೀರನೆಂದು ಕೊಂಡಾಡುವ ಅಥವಾ ಸಾಮ್ರಾಜ್ಯಶಾಹಿಯ ಪ್ರತಿನಿಧಿಯೆಂದು ತಳ್ಳಿಹಾಕುವ ಎರಡೂ ಓದುಗಳು ಅಪೂರ್ಣ. ಅವರು ಕಟ್ಟಿದ ಜಾಲವು ವಸಾಹತು ಆಳ್ವಿಕೆಯ ಕಾಲದ ಅನುಕೂಲಗಳನ್ನು ಬಳಸಿಕೊಂಡಿತು. ಅಜರಯ್ಯನವರಂಥವರು ಅದನ್ನು ಪ್ರಶ್ನಿಸಲು ಬೇಕಾದ ವೇದಿಕೆಯನ್ನೂ ಒದಗಿಸಿತು. 1912ರಲ್ಲಿ ಆರಂಭವಾದ ಭಾರತದ ಕ್ರೈಸ್ತ ವಿದ್ಯಾರ್ಥಿ ಚಳವಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ಮಿಶನರಿಗಳ ಕನ್ನಡ ಕೃತಿಗಳನ್ನು ಕುರಿತು ಆಳವಾಗಿ ಚರ್ಚಿಸಿರುವ ನಮ್ಮ ಅಧ್ಯಯನಗಳು, ಅವರನ್ನು ಕಳುಹಿಸಿದ ಸಂಘಟನೆಗಳನ್ನೂ ಅವರನ್ನು ಬರಮಾಡಿಕೊಂಡ ಸಮುದಾಯಗಳ ಪ್ರತಿಕ್ರಿಯೆಯನ್ನೂ ಒಟ್ಟಿಗೆ ಇರಿಸಿ ನೋಡಬೇಕಾದ ಅಗತ್ಯವನ್ನು ಮಾಟ್ ಅವರ ಬದುಕು ಮನಗಾಣಿಸುತ್ತದೆ.