ಭೂಮಿಯ ಆಕಾರವನ್ನು ಅಳೆದ ಲ್ಯಾಂಬ್ಟನ್ ಸಾಹೇಬರು

ಕೂದಲೆಳೆಯಷ್ಟು ಸಣ್ಣದಾದ ಗಾಜಿನ ತಂತುವನ್ನು ಒಂದು ವಸ್ತುವಿನ ಮೈಗೆ ಹತ್ತಿಸಿ, ಅದರೊಳಗೆ ಬೆಳಕನ್ನು ಹಾಯಿಸಿ, ತಂತುವು ಎಲ್ಲೆಲ್ಲಿ ಎಷ್ಟೆಷ್ಟು ಬಾಗಿದೆಯೆಂಬುದನ್ನು ಹಿಂದಿರುಗುವ ಬೆಳಕಿನ ಬಣ್ಣದ ಅಲ್ಪ ವ್ಯತ್ಯಾಸದಿಂದ ತಿಳಿದು, ಆ ಬಾಗುಗಳನ್ನು ಕೂಡಿಸಿ ವಸ್ತುವಿನ ಪೂರ್ಣಾಕೃತಿಯನ್ನು ಲೆಕ್ಕದಿಂದ ಕಂಡುಕೊಳ್ಳುವ ವಿದ್ಯೆಯು ಈಗ ಬಳಕೆಗೆ ಬಂದಿದೆ. ಅಲ್ಲಲ್ಲಿನ ಬಾಗಿನಿಂದ ಇಡೀ ಆಕಾರವನ್ನು ಅರಿಯುವ ಯುಕ್ತಿಯು ಮಾತ್ರ ಹೊಸದಲ್ಲ. ಇದನ್ನು ಭೂಮಂಡಲಕ್ಕೇ ಪ್ರಯೋಗಿಸಿದ ಮಹನೀಯರಲ್ಲಿ ವಿಲಿಯಂ ಲ್ಯಾಂಬ್ಟನ್ ಸಾಹೇಬರು ಒಬ್ಬರು. ಟೇಕಲ್ಲಿನಿಂದ ನಾವು ರೈಲನ್ನೇರಿ ಹೋಗುವ ಬೆಂಗಳೂರಿನ ಸಮೀಪದಲ್ಲಿಯೇ ಅವರು ತಮ್ಮ ಕಾರ್ಯವನ್ನು ಆರಂಭಿಸಿದರು.

ಇವರು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಸಾಧಾರಣ ಮನೆತನದವರು. ಸೈನ್ಯವನ್ನು ಸೇರಿ, ಅಮೆರಿಕದ ಯುದ್ಧದಲ್ಲಿ ಸೆರೆಸಿಕ್ಕಿ, ಸೂರ್ಯಗ್ರಹಣವನ್ನು ನೋಡಲು ಹೋಗಿ ಒಂದು ಕಣ್ಣಿನ ದೃಷ್ಟಿಗೆ ಹಾನಿಯನ್ನು ತಂದುಕೊಂಡರು. 1799ರ ಶ್ರೀರಂಗಪಟ್ಟಣದ ಯುದ್ಧಕಾಲದಲ್ಲಿ ಒಂದು ರಾತ್ರಿ, ದಳವು ದಿಕ್ಕು ತಪ್ಪಿ ಶತ್ರುಗಳ ಕಡೆಗೇ ಸಾಗುತ್ತಿರುವುದನ್ನು ನಕ್ಷತ್ರಗಳನ್ನು ನೋಡಿ ಅರಿತು ಎಚ್ಚರಿಸಿದವರು ಇವರೇ.

1800ರಲ್ಲಿ ಬೆಂಗಳೂರಿನ ಬಳಿ ನೂರು ಅಡಿಯ ಉಕ್ಕಿನ ಸರಪಣಿಯಿಂದ ಏಳು ಮೈಲಿಗಿಂತ ಉದ್ದದ ನೇರ ರೇಖೆಯನ್ನು ಅಳೆದರು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಸರಪಣಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟಿದ್ದರು. ಕೋನಗಳನ್ನಳೆಯುವ ಥಿಯೋಡೊಲೈಟ್ ಯಂತ್ರವು ಅರ್ಧ ಟನ್ ಭಾರದ್ದು. ಬರುವ ದಾರಿಯಲ್ಲಿ ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ದ್ವೀಪಕ್ಕೆ ಹೋಗಿ, ಅಲ್ಲಿಯ ಗವರ್ನರರ ಸೌಜನ್ಯದಿಂದ ಮರಳಿ ಬಂದಿತು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯನ್ನಳೆದು, ನಮ್ಮ ಟೇಕಲ್ಲಿನ ಬಂಡೆಬೆಟ್ಟಗಳಂತಹ ಎತ್ತರಗಳನ್ನೇರಿ, ತ್ರಿಕೋಣದ ಮೇಲೆ ತ್ರಿಕೋಣವನ್ನು ಹೆಣೆಯುತ್ತ ಪಶ್ಚಿಮಕ್ಕೆ ಸಾಗಿದರು. ತ್ರಿಕೋಣದ ಒಂದು ಭುಜವೂ ಕೋನಗಳೂ ತಿಳಿದರೆ ಉಳಿದ ಭುಜಗಳನ್ನು ನಡೆದು ಅಳೆಯಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ರೇಖಾಗಣಿತವೇಕೆಂದು ನನ್ನನ್ನು ಕೇಳಿದ ತಂದೆತಾಯಿಗಳು ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಬೇಕು.

ಆದರೆ ಲೆಕ್ಕವು ಸರಿಯೆಂದು ನಂಬಿ ಕುಳಿತುಕೊಳ್ಳುವ ಸ್ವಭಾವ ಅವರದಲ್ಲ. 1804ರಲ್ಲಿ ಬೆಂಗಳೂರಿನ ಬಳಿ ಮತ್ತೆ ಸರಪಣಿಯನ್ನು ಹಾಸಿ ಪರೀಕ್ಷಿಸಿದರು. ಮದರಾಸಿನಿಂದ ಬಂದ ಲೆಕ್ಕಕ್ಕೂ ಈ ಅಳತೆಗೂ ನಾಲ್ಕು ಅಂಗುಲದಷ್ಟೂ ವ್ಯತ್ಯಾಸವಿರಲಿಲ್ಲ! ಪೂರ್ವ ಸಮುದ್ರದಿಂದ ಪಶ್ಚಿಮ ಸಮುದ್ರಕ್ಕೆ 400 ಮೈಲಿಯೆಂದು ತೋರಿಸುತ್ತಿದ್ದ ನಕ್ಷೆಗಳು ಸುಳ್ಳಾದವು. ಇರುವುದು 360 ಮೈಲಿ ಮಾತ್ರ.

1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಯಂತ್ರವನ್ನು ಏರಿಸುತ್ತಿರುವಾಗ ಹಗ್ಗವು ಕಡಿದು, ಅದು ಗೋಡೆಗೆ ಬಡಿದು ಚಕ್ರವು ವಕ್ರವಾಯಿತು. ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಕೈಬಿಡುತ್ತಿದ್ದರು. ಸಾಹೇಬರು ಡೇರೆಯೊಳಗೆ ಸೇರಿ, ಆರು ವಾರಗಳ ಕಾಲ ಕೂದಲಂತರದಿಂದ ತಿದ್ದುತ್ತ, ಚಕ್ರವನ್ನು ಮೊದಲಿನ ರೂಪಕ್ಕೆ ತಂದರು.

ಅನಂತರ ದಕ್ಷಿಣೋತ್ತರವಾಗಿ ಅಳೆಯುತ್ತ, ನಕ್ಷತ್ರಗಳಿಂದ ಅಕ್ಷಾಂಶವನ್ನು ನಿರ್ಣಯಿಸಿ, ಒಂದೊಂದು ಅಂಶದ ಉದ್ದವನ್ನು ಕಂಡುಹಿಡಿದರು. ಯುರೋಪಿನಲ್ಲಿ ಅಳೆದುದಕ್ಕಿಂತ ಇಲ್ಲಿಯ ಅಂಶವು ಗಿಡ್ಡ. ಎಂದರೆ ಇಲ್ಲಿ ಭೂಮಿಯ ಬಾಗು ಹೆಚ್ಚು, ಧ್ರುವದ ಕಡೆಗೆ ಕಡಿಮೆ. ಧ್ರುವಗಳಲ್ಲಿ ಭೂಮಿಯು ಚಪ್ಪಟೆಯೆಂಬುದು ಇದರಿಂದ ದೃಢಪಟ್ಟಿತು.

ಸುಮಾರು ಎಪ್ಪತ್ತರ ವಯಸ್ಸಿನಲ್ಲಿಯೂ ಅಳತೆಯನ್ನು ಬಿಡದೆ, 1823ರ ಜನವರಿಯಲ್ಲಿ ನಾಗಪುರದ ದಾರಿಯ ಹಿಂಗಣಘಾಟದಲ್ಲಿ ತೀರಿಕೊಂಡರು. ಸಹಾಯಕರಾಗಿದ್ದ ಜಾರ್ಜ್ ಎವರೆಸ್ಟರು ಆ ತ್ರಿಕೋಣಮಾಲೆಯನ್ನು ಹಿಮಾಲಯದ ಅಡಿಯವರೆಗೆ ನಡೆಯಿಸಿದರು. ಅತ್ಯುನ್ನತ ಶಿಖರಕ್ಕೆ ಅವರ ಹೆಸರು ಬಂದಿತು. ಲ್ಯಾಂಬ್ಟನ್ನರ ಸಮಾಧಿಯು ಹಿಂಗಣಘಾಟದಲ್ಲಿದೆ.