ದಂಡಿನ ಬಿಯರಿಗೆ ದೇಶೀ ಯಜಮಾನ: ವಿಠಲ್ ಮಲ್ಯ

ಬೆಂಗಳೂರಿನ ಕಬ್ಬನ್ ಉದ್ಯಾನದ ಮಗ್ಗುಲಲ್ಲಿರುವ ವಿಠಲ್ ಮಲ್ಯ ರಸ್ತೆಗೆ ಹಿಂದೆ ಗ್ರಾಂಟ್ ರಸ್ತೆ ಎಂಬ ಹೆಸರಿತ್ತು. ಇಂದು ಅಲ್ಲಿ ಯುಬಿ ಸಿಟಿಯ ಗಾಜಿನ ಗೋಪುರಗಳು ಎದ್ದುನಿಂತಿವೆ. ಅದೇ ನೆಲದಲ್ಲಿ ಒಂದು ಕಾಲಕ್ಕೆ ಬಿಯರ್ ಕುದಿಯುತ್ತಿತ್ತು. ದಿನವೂ ಸಾವಿರಾರು ಮಂದಿ ಈ ರಸ್ತೆಯಲ್ಲಿ ಹಾದುಹೋಗುತ್ತಾರೆ; ಅವರಲ್ಲಿ ಮಗ ವಿಜಯ್ ಮಲ್ಯರನ್ನು ಬಲ್ಲವರೇ ಹೆಚ್ಚು. ರಸ್ತೆಗೆ ಹೆಸರು ಕೊಟ್ಟ ತಂದೆ ಪ್ರಚಾರದಿಂದ ದೂರವೇ ಉಳಿದವರು.

ವಿಠಲ್ ಮಲ್ಯ ಹುಟ್ಟಿದ್ದು 1924ರ ಫೆಬ್ರುವರಿ 8ರಂದು, ಅವಿಭಜಿತ ಬಂಗಾಳದ ಢಾಕಾದಲ್ಲಿ. ಮನೆತನದ ಮೂಲ ಮಾತ್ರ ದಕ್ಷಿಣ ಕನ್ನಡದ ನೇತ್ರಾವತಿ ತೀರದ ಬಂಟ್ವಾಳ. ತಂದೆ ಲೆಫ್ಟಿನೆಂಟ್ ಕರ್ನಲ್ ಬಂಟ್ವಾಳ ಗಣಪತಿ ಮಲ್ಯ ಸೇನೆಯಲ್ಲಿ ವೈದ್ಯರಾಗಿದ್ದರು. ಗೌಡ ಸಾರಸ್ವತ ಬ್ರಾಹ್ಮಣ ಕುಟುಂಬದ, ಸೇನಾ ವೈದ್ಯರ ಮಗ ಮದ್ಯದ ವ್ಯವಹಾರಕ್ಕೆ ಇಳಿಯುವುದು ಆ ಕಾಲಕ್ಕೆ ಊಹಿಸಿಕೊಳ್ಳುವ ಸಂಗತಿಯಲ್ಲ. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದ ತರುಣನ ಒಲವು ಹರಿದದ್ದು ಷೇರುಪೇಟೆಯ ಕಡೆಗೆ. ಬ್ರಿಟಿಷರು ಗಂಟುಮೂಟೆ ಕಟ್ಟುತ್ತಿದ್ದ ಆ ದಿನಗಳಲ್ಲಿ ಅವರು ತಮ್ಮ ಕಂಪನಿಗಳನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತಾರೆಂಬುದು ದೊಡ್ಡ ಪ್ರಶ್ನೆಯಾಗಿತ್ತು. ಮಲ್ಯರ ಕಣ್ಣು ಬಿದ್ದದ್ದು ದಕ್ಷಿಣದ ಯುನೈಟೆಡ್ ಬ್ರೂವರೀಸ್ ಮೇಲೆ.

ಆ ಕಂಪನಿ ಅಪ್ಪಟ ದಂಡಿನ ಕೂಸು. ಸ್ಕಾಟ್ಲೆಂಡಿನ ಥಾಮಸ್ ಲೀಶ್‌ಮನ್ 1915ರಲ್ಲಿ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಂದುಗೂಡಿಸಿ ಅದನ್ನು ಕಟ್ಟಿದ. ಅವುಗಳಲ್ಲಿ ಹಳೆಯದಾದ ಕ್ಯಾಸಲ್ ಬ್ರೂವರಿಯ ಚರಿತ್ರೆ 1857ರಷ್ಟು ಹಿಂದಕ್ಕೆ ಹೋಗುತ್ತದೆ. ಮದರಾಸು, ಬೆಂಗಳೂರು, ನೀಲಗಿರಿಗಳ ಬ್ರಿಟಿಷ್ ಸೈನಿಕರೇ ಗಿರಾಕಿಗಳು. ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬಿಯರು ಎತ್ತಿನ ಗಾಡಿಗಳ ಮೇಲೆ ದಂಡು ಪ್ರದೇಶ ತಲುಪುತ್ತಿತ್ತು. ಅದಕ್ಕೂ ಮೊದಲು ಬಿಯರು ಇಂಗ್ಲೆಂಡಿನಿಂದಲೇ ಬರಬೇಕಿತ್ತು. ಸುಮಾರು ಆರು ತಿಂಗಳ ಹಡಗು ಪಯಣದಲ್ಲಿ ಹುಳಿಯದಿರಲೆಂದು ಹಾಪ್ಸ್ ಹೆಚ್ಚಾಗಿ ಹಾಕಿದ ತೆಳುಬಣ್ಣದ ಪಾನೀಯವೇ ಮುಂದೆ ಇಂಡಿಯಾ ಪೇಲ್ ಏಲ್ ಎಂದು ಹೆಸರಾಯಿತು. ಭಾರತದ ಹೆಸರು ಹೊತ್ತರೂ ಭಾರತೀಯರಿಗಾಗಿ ಮಾಡಿದ್ದಲ್ಲ.

ಇದರ ತಯಾರಿಕೆಯಲ್ಲಿ ಕನ್ನಡ ನಾಡಿಗೆ ಪೂರ್ತಿ ಅಪರಿಚಿತವಾದದ್ದು ಹಾಪ್ಸ್ ಒಂದೇ ಎನ್ನಬಹುದು. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯ ಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಬೀಸಿ ಮಗುವಿಗೆ ಸರಿ ಕಾಯಿಸುತ್ತಾರೆ. ಬಾರ್ಲಿಯನ್ನು ಮಾಲ್ಟ್ ಮಾಡುವ ವಿದ್ಯೆಯೂ ಅದೇ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಒಡೆದ ಮಾಲ್ಟನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ತಾಸು ಇಟ್ಟರೆ ಸಿಹಿರಸ ಇಳಿಯುತ್ತದೆ. ಅದನ್ನು ಸೋಸಿ, ಹಾಪ್ಸ್ ಹೂಗಳನ್ನು ಹಾಕಿ ಮತ್ತೊಂದು ತಾಸು ಕುದಿಸಿ, 20 ಡಿಗ್ರಿಯ ಆಸುಪಾಸಿಗೆ ತಣಿಸಿ ಯೀಸ್ಟ್ ಬೆರೆಸಿದರೆ ಒಂದೆರಡು ವಾರಗಳಲ್ಲಿ ಏಲ್ ಹುದುಗಿ ಮುಗಿಯುತ್ತದೆ. ಹಾಪ್ಸ್ ಕಹಿಯ ಜೊತೆಗೆ ಕೆಡದಂತೆ ಕಾಯುವ ಗುಣವನ್ನೂ ಕೊಡುತ್ತದೆ. ಲಾಗರ್‌ನ ದಾರಿ ಬೇರೆ; ಅದಕ್ಕೆ 10 ಡಿಗ್ರಿಯ ತಂಪು, ವಾರಗಟ್ಟಲೆ ತಾಳ್ಮೆ, ಹಾಗಾಗಿ ಶೈತ್ಯಯಂತ್ರ ಬೇಕು. ಬ್ರಿಟನ್ 1963ರಲ್ಲಿ ಮನೆಬಳಕೆಯ ಬಿಯರಿಗೆ ಪರವಾನಗಿಯ ಕಟ್ಟು ತೆಗೆದುಹಾಕಿತು. ಇಲ್ಲಿ ಬಂದದ್ದು 1965ರ ಅಬಕಾರಿ ಕಾಯ್ದೆ. ಅದರಂತೆ ಪರವಾನಗಿ ಇಲ್ಲದೆ ಮನೆಯ ಒಲೆಯ ಮೇಲೂ ಮದ್ಯ ತಯಾರಿಸುವಂತಿಲ್ಲ. ಬಿಯರ್ ಎಂದರೆ ಇಲ್ಲಿ ಕಾರ್ಖಾನೆಯ ಸರಕು, ಕಾರ್ಖಾನೆಯೆಂದರೆ ಸರ್ಕಾರದ ಪರವಾನಗಿ. ವಿಠಲ್ ಮಲ್ಯ ಬೇರೆಲ್ಲರಿಗಿಂತ ಮೊದಲು ಗ್ರಹಿಸಿದ್ದು ಇದನ್ನೇ.

ಅವರು ಯುನೈಟೆಡ್ ಬ್ರೂವರೀಸ್ ಷೇರುಗಳನ್ನು ಒಂದೊಂದಾಗಿ ಕೂಡಿಹಾಕಿದರು. 1947ರಲ್ಲಿ, 23ರ ಹರೆಯದಲ್ಲಿ, ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾದರು. ಮರುವರ್ಷವೇ ಆರ್.ಜಿ.ಎನ್. ಪ್ರೈಸ್ ಅವರ ಸ್ಥಾನದಲ್ಲಿ ಅಧ್ಯಕ್ಷರಾಗಿ ಕುಳಿತರು. ಉತ್ತರದಲ್ಲಿ 1949ರಲ್ಲಿ ಎನ್.ಎನ್. ಮೋಹನ್ ಅವರು ಡಯರ್ ಮೀಕಿನ್ ಕಂಪನಿಯನ್ನು ಕೊಂಡರು. ಜಲಿಯನ್‌ವಾಲಾಬಾಗಿನ ಕುಖ್ಯಾತ ಡಯರ್‌ನ ತಂದೆ ಕಟ್ಟಿದ ವ್ಯಾಪಾರ ಅದು. ಹೀಗೆ ಎರಡೇ ವರ್ಷಗಳ ಅಂತರದಲ್ಲಿ ಬಿಳಿಯರ ಎರಡು ಬಿಯರ್ ಸಾಮ್ರಾಜ್ಯಗಳು ದೇಶೀ ಯಜಮಾನರನ್ನು ಕಂಡವು.

ಆದರೆ ಮಲ್ಯರ ಕೈಗೆ ಬಂದ ಉದ್ಯಮಕ್ಕೆ ಗಿರಾಕಿಯೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ. ಬಿಯರ್ ಕುಡಿಯುತ್ತಿದ್ದ ಸೈನಿಕರು ಹಡಗು ಹತ್ತಿದ್ದರು. ಸಂವಿಧಾನದ 47ನೇ ವಿಧಿ ಪಾನನಿರೋಧವನ್ನು ರಾಜ್ಯದ ಗುರಿಯಾಗಿ ಸಾರಿತ್ತು. ಮದರಾಸು ಪ್ರಾಂತ್ಯವಿಡೀ 1948ರಲ್ಲಿ ಪಾನನಿರೋಧಕ್ಕೆ ಒಳಪಟ್ಟಿತು. ದಕ್ಷಿಣ ಕನ್ನಡ ಅದರ ಭಾಗವೇ ಆಗಿದ್ದುದರಿಂದ, ಬ್ರೂವರಿಯ ಹೊಸ ಅಧ್ಯಕ್ಷರ ಪೂರ್ವಜರ ಊರಾದ ಬಂಟ್ವಾಳದಲ್ಲಿಯೇ ಅವರ ಸರಕು ನಿಷಿದ್ಧವಾಗಿತ್ತು! ಮುಂಬಯಿ ಪ್ರಾಂತ್ಯವೂ ಅದೇ ಹಾದಿ ಹಿಡಿಯಿತು. ಅಂಥ ಹೊತ್ತಿನಲ್ಲಿ ಬೇರೆ ಯಾರೇ ಆದರೂ ಬಂಡವಾಳ ಹಿಂದೆಗೆದುಕೊಂಡು ಜವಳಿಗೋ ಸಕ್ಕರೆಗೋ ಹಾಕುತ್ತಿದ್ದರು.

ಮಲ್ಯ ಮಾಡಿದ್ದು ಅದಕ್ಕೆ ತದ್ವಿರುದ್ಧ. ಸ್ಕಾಟ್ ಮೂಲದ ವ್ಯಾಪಾರಿಯೊಬ್ಬ 1826ರಲ್ಲಿ ಮದರಾಸಿನಲ್ಲಿ ಆರಂಭಿಸಿದ್ದ ಮ್ಯಾಕ್‌ಡೊವೆಲ್ ಕಂಪನಿಯನ್ನು 1951ರಲ್ಲಿ ಕೊಂಡರು. ಮದರಾಸಿನಲ್ಲಿ ಪಾನನಿರೋಧ ಇನ್ನೂ ಜಾರಿಯಲ್ಲಿದ್ದಾಗಲೇ ನಡೆದ ಖರೀದಿ ಇದು. ಮರುವರ್ಷ ತಮ್ಮ ಕಾರ್ಯಕೇಂದ್ರವನ್ನು ಬೆಂಗಳೂರಿಗೆ ಸ್ಥಳಾಂತರಿಸಿದರು. ಅನಂತರದ ವರ್ಷಗಳಲ್ಲಿ ಕ್ಯಾರ‍್ಯೂ, ಫಿಪ್ಸನ್, ಹರ್ಬರ್ಟ್‌ಸನ್ಸ್ ಮುಂತಾದ ಬ್ರಿಟಿಷ್ ಹೆಸರಿನ ಕಂಪನಿಗಳು ಒಂದರ ಹಿಂದೊಂದು ಅವರ ತೆಕ್ಕೆಗೆ ಬಂದವು. ಮಧ್ಯಮ ವರ್ಗದ ಮನೆಗಳ ಕಿಸಾನ್ ಜಾಮ್ ಕೂಡ ಇದೇ ಸಮೂಹದ್ದಾಗಿತ್ತೆಂದರೆ ಹಲವರಿಗೆ ಅಚ್ಚರಿಯಾದೀತು.

ಈ ಕೊಳ್ಳುಬಾಕತನದ ಹಿಂದೆ ಗಟ್ಟಿಯಾದ ಲೆಕ್ಕಾಚಾರವಿತ್ತು. ಮದ್ಯ ರಾಜ್ಯಗಳ ಪಟ್ಟಿಗೆ ಸೇರಿದ ವಿಷಯ. ಒಂದೊಂದು ರಾಜ್ಯಕ್ಕೂ ಒಂದೊಂದು ಅಬಕಾರಿ ಕಾನೂನು, ಒಂದೊಂದು ತೆರಿಗೆ. ಗಡಿ ದಾಟುವ ಬಾಟಲಿಗೆ ವಿದೇಶದಿಂದ ಬಂದಂತೆ ಶುಲ್ಕ. ಬಿಯರಿನಲ್ಲಿ ಬಹುಪಾಲು ನೀರೇ. ತೂಕ ಹೆಚ್ಚು, ಬಾಳಿಕೆ ಕಡಿಮೆ. ಆದ್ದರಿಂದ ಮಾರಬೇಕಾದ ರಾಜ್ಯದಲ್ಲಿಯೇ ಕುದಿಸುವುದು ಲಾಭಕರ. ಹೊಸ ಬ್ರೂವರಿಗೆ ಪರವಾನಗಿ ಪಡೆಯುವುದು ಆ ಲೈಸೆನ್ಸ್ ಯುಗದಲ್ಲಿ ದುಸ್ತರವಾಗಿದ್ದುದರಿಂದ, ಪರವಾನಗಿ ಇರುವ ಹಳೆಯ ಕಂಪನಿಯನ್ನೇ ಕೊಳ್ಳುವುದು ಸುಲಭವಾಗಿತ್ತು. ಇತರರಿಗೆ ತುಕ್ಕು ಹಿಡಿದ ಯಂತ್ರಗಳು ಕಂಡಲ್ಲಿ ಮಲ್ಯರಿಗೆ ಕಂಡದ್ದು ಪರವಾನಗಿಯ ಕಾಗದ. ಅವರನ್ನು ಬಿಯರ್ ತಯಾರಕರೆನ್ನುವುದಕ್ಕಿಂತ ಲೆಕ್ಕಪತ್ರಗಳ ಪಾರಂಗತರೆನ್ನುವುದೇ ಸರಿ. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯ್ದೆ ವಿದೇಶಿ ಕಂಪನಿಗಳು ತಮ್ಮ ಪಾಲನ್ನು ತಗ್ಗಿಸಿಕೊಳ್ಳುವಂತೆ ಮಾಡಿದಾಗಲೂ ಅವರು ಇದೇ ತಾಳ್ಮೆಯಿಂದ ಷೇರುಗಳನ್ನು ಕೊಂಡರು.

ಕಾಲವೂ ನಿಧಾನವಾಗಿ ಅವರತ್ತ ತಿರುಗಿತು. ಮೈಸೂರು ರಾಜ್ಯ 1967ರಲ್ಲಿ ಪಾನನಿರೋಧವನ್ನು ಕೈಬಿಟ್ಟಿತು. ತಮಿಳುನಾಡು 1971ರಲ್ಲಿ ಸಡಿಲಿಸಿತು. ಕುಡಿತವನ್ನು ವೇದಿಕೆಯ ಮೇಲೆ ಖಂಡಿಸುತ್ತಿದ್ದ ಸರ್ಕಾರಗಳಿಗೆ ಬಜೆಟ್ ಮಂಡಿಸುವಾಗ ಅಬಕಾರಿ ಆದಾಯ ಬೇಕೇಬೇಕಾಗಿತ್ತು. 1977ರಲ್ಲಿ ಜನತಾ ಸರ್ಕಾರ ಬಂದು, ಪ್ರಧಾನಿ ಮೊರಾರ್ಜಿ ದೇಸಾಯಿ ದೇಶವ್ಯಾಪಿ ಪಾನನಿರೋಧದ ಮಾತೆತ್ತಿದಾಗ ಉದ್ಯಮ ಮತ್ತೆ ತಲ್ಲಣಿಸಿತು. ಹೆದರಿದವರು ಮಾರಿದರು, ಮಲ್ಯ ಕೊಂಡರು. 1979ರಲ್ಲಿ ಆ ಸರ್ಕಾರ ಉರುಳಿತು. ಮದ್ಯದ ವ್ಯಾಪಾರ ಲಕ್ಷಾಂತರ ಬಡ ಮನೆಗಳಿಗೆ ಏನು ಮಾಡಿತು ಎಂಬ ಪ್ರಶ್ನೆಗೆ ಈ ಜಾಣ್ಮೆ ಉತ್ತರವಲ್ಲ. ಅಂಥ ಪ್ರಶ್ನೆಗೆ ಆ ಲೆಕ್ಕಪತ್ರಗಳಲ್ಲಿ ಅಂಕಣವೂ ಇರಲಿಲ್ಲ.

ತೆರಿಗೆಯೊಡನೆ ಈ ಸಮೂಹ ನಡೆಸಿದ ಜಟಾಪಟಿಯೂ ಕಡಿಮೆಯದಲ್ಲ. ಅಬಕಾರಿ ಸುಂಕವನ್ನು ಖರೀದಿದಾರನೇ ನೇರವಾಗಿ ಕಟ್ಟಿದರೆ ಅದು ತಯಾರಕನ ವಹಿವಾಟಿಗೆ ಸೇರುವುದೇ ಇಲ್ಲವೇ ಎಂಬ ವಿವಾದ ಆಂಧ್ರಪ್ರದೇಶದಲ್ಲಿ ಎದ್ದು ಸುಪ್ರೀಂ ಕೋರ್ಟ್ ತಲುಪಿತು. 1985ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಮ್ಯಾಕ್‌ಡೊವೆಲ್ ವಿರುದ್ಧ ತೀರ್ಪಿತ್ತಿತು. ತೆರಿಗೆ ತಪ್ಪಿಸುವ ಜಾಣತನವನ್ನು ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿ ಕಟುವಾಗಿ ಟೀಕಿಸಿದ ಆ ತೀರ್ಪನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಅದನ್ನು ಕೇಳಲು ವಿಠಲ್ ಮಲ್ಯ ಇರಲಿಲ್ಲ. 1983ರ ಅಕ್ಟೋಬರ್ 13ರಂದು, 59ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮಗ ವಿಜಯ್ 27ರ ಹರೆಯದಲ್ಲಿ ಅಧ್ಯಕ್ಷ ಪೀಠವೇರಿದರು. ಮಿತವ್ಯಯಿ ತಂದೆಗೂ ಆಡಂಬರದ ಮಗನಿಗೂ ಇದ್ದ ಅಂತರ ಎದ್ದುಕಾಣುವಂಥದ್ದು. ತಂದೆಯ ಹೆಸರಿನಲ್ಲಿ 1987ರಲ್ಲಿ ಬೆಂಗಳೂರಿನಲ್ಲಿ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನ ತಲೆಯೆತ್ತಿತು. ಕಿಂಗ್‌ಫಿಷರ್ ದೇಶದ ಮನೆಮಾತಾದದ್ದು, ಅದೇ ಹೆಸರಿನ ವಿಮಾನ ಸಂಸ್ಥೆ 2012ರಲ್ಲಿ ನೆಲಕಚ್ಚಿದ್ದು, 2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ ದೇಶ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಅಷ್ಟಾಗಿ ಗಮನಕ್ಕೆ ಬಾರದೆ ಹೋದದ್ದು ಮತ್ತೊಂದು. ಮ್ಯಾಕ್‌ಡೊವೆಲ್ ವಾರಸುದಾರಿಕೆಯ ಯುನೈಟೆಡ್ ಸ್ಪಿರಿಟ್ಸ್ 2014ರ ಹೊತ್ತಿಗೆ ಬ್ರಿಟನ್ನಿನ ಡಿಯಾಜಿಯೊ ಕಂಪನಿಯ ಹಿಡಿತಕ್ಕೆ ಹೋಯಿತು. 2021ರ ಜೂನ್‌ನಲ್ಲಿ ನೆದರ್ಲೆಂಡ್ಸಿನ ಹೈನೆಕೆನ್ ಯುನೈಟೆಡ್ ಬ್ರೂವರೀಸ್‌ನ ಅರ್ಧಕ್ಕೂ ಹೆಚ್ಚು ಷೇರುಗಳ ಒಡೆತನ ಪಡೆಯಿತು. 23ರ ತರುಣನೊಬ್ಬ ಬ್ರಿಟಿಷರ ಮೇಜಿನ ಸುತ್ತ ಮೊದಲ ಭಾರತೀಯನಾಗಿ ಕುಳಿತು 74 ವರ್ಷಗಳಾಗಿದ್ದವು.