ಮಂಜುಗಡ್ಡೆಯ ಲೆಕ್ಕ ಬರೆದ ಸ್ಟೆಫಾನ್

ಪಿಯುಸಿಯಲ್ಲಿ ಸ್ಟೀಫನ್ ನಿಯಮ ಎಂದು ಬಾಯಿಪಾಠ ಮಾಡಿದ್ದೆ. ಅವರು ಯಾರು, ಯಾವ ಊರಿನವರು ಎಂದು ಹುಡುಕಿದ್ದು ಬಿ.ಇ. ಕೊನೆಯ ವರ್ಷದಲ್ಲಿ. ನೀರು ಹೆಪ್ಪುಗಟ್ಟುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಪ್ರಾಜೆಕ್ಟ್ ನನ್ನ ಪಾಲಿಗೆ ಬಂದಿತ್ತು. ಆ ಲೆಕ್ಕದ ಹೆಸರೇ ಸ್ಟೆಫಾನ್ ಸಮಸ್ಯೆ.

ಯೋಸೆಫ್ ಸ್ಟೆಫಾನ್ ಹುಟ್ಟಿದ್ದು 1835ರ ಮಾರ್ಚ್ 24ರಂದು, ಆಸ್ಟ್ರಿಯಾದ ಕ್ಲಾಗೆನ್‌ಫರ್ಟ್ ಪಟ್ಟಣದ ಪಕ್ಕದ ಹಳ್ಳಿಯಲ್ಲಿ. ತಂದೆ ಹಿಟ್ಟಿನ ಗಿರಣಿಯಲ್ಲಿ ಸಹಾಯಕರು, ತಾಯಿ ಮನೆಗೆಲಸದವರು. ಈ ಸಾಲು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನನ್ನಮ್ಮನೂ ಜಯನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು ನನ್ನನ್ನು ಈ ಶಾಲೆಗೆ ಕಳಿಸಿದವರು.

ಮಾತೃಭಾಷೆ ಸ್ಲೊವೀನ್‌ನಲ್ಲಿ ಕವಿತೆಗಳನ್ನೂ ಬರೆದಿದ್ದ ಹುಡುಗ 1853ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಸೇರಿದರು. 28ನೇ ವಯಸ್ಸಿಗೆ ಅಲ್ಲೇ ಪ್ರಾಧ್ಯಾಪಕರಾದರು. ಬೋಲ್ಟ್ಸ್‌ಮನ್ ಅವರ ಶಿಷ್ಯರು. ಬಿಸಿ ವಸ್ತು ಹೊರಸೂಸುವ ಶಾಖ ನಿರಪೇಕ್ಷ ತಾಪದ ನಾಲ್ಕನೇ ಘಾತದಂತೆ ಏರುತ್ತದೆ ಎಂದು ಸ್ಟೆಫಾನ್ 1879ರಲ್ಲಿ ಕಂಡುಕೊಂಡರು. ಅದರಿಂದಲೇ ಸೂರ್ಯನ ಮೇಲ್ಮೈ ತಾಪವನ್ನೂ ಅಂದಾಜು ಮಾಡಿದರು. ನಾವು ಬಾಯಿಪಾಠ ಮಾಡಿದ್ದು ಇದನ್ನೇ.

ನನಗೆ ಹೆಚ್ಚು ಇಷ್ಟವಾದದ್ದು 1889ರ ಕೆಲಸ. ಧ್ರುವಯಾತ್ರೆಗೆ ಹೋದವರು ಸಮುದ್ರದ ಮಂಜುಗಡ್ಡೆಯ ದಪ್ಪ ಅಳೆದು ತಂದಿದ್ದರು. ಆ ಅಂಕಿಗಳನ್ನು ಹಿಡಿದು, ಗಡ್ಡೆ ಹೇಗೆ ಬೆಳೆಯುತ್ತದೆ ಎಂದು ಸ್ಟೆಫಾನ್ ಲೆಕ್ಕ ಹಾಕಿದರು. ಕೆಳಗಿನ ನೀರು ಹೆಪ್ಪುಗಟ್ಟುವಾಗ ಬಿಡುವ ಶಾಖ ಮೇಲಿನ ಗಡ್ಡೆಯನ್ನು ದಾಟಿಯೇ ಹೊರಹೋಗಬೇಕು. ಅಂದರೆ ಗಡ್ಡೆಯೇ ನೀರಿಗೆ ಕಂಬಳಿ. ಹಾಗಾಗಿ ಚಳಿ ಒಂದೇ ಸಮ ಇದ್ದರೆ, ದಪ್ಪ ಎರಡರಷ್ಟಾಗಲು ನಾಲ್ಕರಷ್ಟು ಕಾಲ ಬೇಕು.

ತೊಡಕು ಇರುವುದು ನೀರು ಮತ್ತು ಗಡ್ಡೆಯ ನಡುವಿನ ಗಡಿಯಲ್ಲಿ. ಅದು ಸರಿಯುತ್ತಲೇ ಇರುತ್ತದೆ. ಗಡಿ ಎಲ್ಲಿದೆ ಎಂದು ತಿಳಿಯಲು ತಾಪ ಬೇಕು, ತಾಪ ತಿಳಿಯಲು ಗಡಿ ಬೇಕು! ಕಂಪ್ಯೂಟರಿನಲ್ಲಿ ಇದಕ್ಕೊಂದು ಉಪಾಯವಿದೆ: ಗಡಿಯ ಹಿಂದೆ ಓಡದೆ ನೀರನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿ, ಪ್ರತಿ ಚೌಕದ ಒಟ್ಟು ಶಾಖದ ಲೆಕ್ಕ ಇಡುವುದು. ಯಾವ ಚೌಕ ಗುಪ್ತೋಷ್ಣವನ್ನು ಪೂರ್ತಿ ಕಳೆದುಕೊಂಡಿತೋ ಅದು ಗಡ್ಡೆ. ಗಡಿ ತಾನಾಗಿ ಕಾಣುತ್ತದೆ.

ಸ್ಟೆಫಾನ್ 1893ರ ಜನವರಿ 7ರಂದು ವಿಯೆನ್ನಾದಲ್ಲಿ ತೀರಿಕೊಂಡರು. ಇಂಥ ಪ್ರೋಗ್ರಾಂ ಬರೆದವರು ಇಂದಿಗೂ ಅವರ ಸೂತ್ರದೊಂದಿಗೆ ಉತ್ತರ ತಾಳೆ ನೋಡುತ್ತಾರೆ. ನನ್ನದು ಮೊದಲ ಸಲ ತಾಳೆಯಾಗಲಿಲ್ಲ. ಗಡ್ಡೆ ಮೂರು ಪಟ್ಟು ದಪ್ಪ ಬಂತು. ಒಂದು ವಾರ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು, ಗ್ರಾಮಿಗೆ 80 ಕ್ಯಾಲೊರಿ ಎಂಬ ಗುಪ್ತೋಷ್ಣವನ್ನು 8 ಎಂದು ಟೈಪ್ ಮಾಡಿದ್ದೆ. ಆ 80ನ್ನು ನಮ್ಮ ವಿಜ್ಞಾನದ ಮೇಷ್ಟ್ರು ಇದೇ ಶಾಲೆಯಲ್ಲಿ ಹತ್ತು ಸಲ ಬರೆಸಿದ್ದರು.